ಸಿಟ್ಟು ಕಾರಿಕೊಂಡರೆ ಮನಸ್ಸು ಹಗುರಾಗುತ್ತದೆಯೇ?

"ಒಳಗೆ ಇಟ್ಕೋಬೇಡ, ಹೇಳಿಬಿಡು, ಹಗುರಾಗುತ್ತೆ." ಸಿಟ್ಟು ಬಂದವರಿಗೆ ನಾವೆಲ್ಲ ಕೊಡುವ ಸಲಹೆ ಇದು. ಇದರ ಹಿಂದಿರುವುದು ಕುಕ್ಕರಿನ ಲೆಕ್ಕ: ಒಳಗೆ ಒತ್ತಡ ಏರುತ್ತದೆ, ಆಗಾಗ ವಿಷಲ್ ಹೊಡೆಯದಿದ್ದರೆ ಒಂದು ದಿನ ಸಿಡಿಯುತ್ತದೆ. ಇದೇ ಲೆಕ್ಕವನ್ನು ನಂಬಿ, ದುಡ್ಡು ಕೊಟ್ಟವರಿಗೆ ಹಳೇ ಟಿವಿ, ಗಾಜಿನ ಬಾಟಲಿಗಳನ್ನು ಸುತ್ತಿಗೆಯಿಂದ ಒಡೆಯಲು ಬಿಡುವ 'ರೇಜ್ ರೂಮ್'ಗಳೂ ಹುಟ್ಟಿಕೊಂಡಿವೆ. ಬೆಂಗಳೂರಿಗೂ ಬಂದಿವೆ. ಒಡೆದು ಬಂದವರು ಖುಷಿಯಾಗಿಯೇ ಇರುತ್ತಾರೆ. ಆದರೆ ಸಿಟ್ಟು ಕಡಿಮೆಯಾಯಿತೇ ಎನ್ನುವುದು ಬೇರೆ ಪ್ರಶ್ನೆ.

ಆ ಪ್ರಶ್ನೆಯನ್ನು ನೆಟ್ಟಗೆ ಕೇಳಿದವರು ಅಮೆರಿಕದ ಮನಶ್ಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್. 2002ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ 600 ಕಾಲೇಜು ವಿದ್ಯಾರ್ಥಿಗಳಿದ್ದರು. ಎಲ್ಲರಿಂದಲೂ ಒಂದು ಪ್ರಬಂಧ ಬರೆಸಿದರು. ಇನ್ನೊಬ್ಬ ವಿದ್ಯಾರ್ಥಿ ತಿದ್ದಿದ್ದಾನೆಂದು ಹೇಳಿ, ಕೆಟ್ಟ ಅಂಕದ ಜೊತೆಗೆ 'ನಾನು ಓದಿದ ಅತಿ ಕೆಟ್ಟ ಪ್ರಬಂಧಗಳಲ್ಲಿ ಇದೂ ಒಂದು' ಎಂಬ ಅರ್ಥದ ಷರಾ ಬರೆದು ವಾಪಸು ಕೊಟ್ಟರು. ಮೈ ಉರಿಯದೆ ಇರುತ್ತದೆಯೇ? ಆಮೇಲೆ ಅವರನ್ನು ಮೂರು ಗುಂಪು ಮಾಡಿದರು. ಒಂದು ಗುಂಪು, ಷರಾ ಬರೆದವನನ್ನೇ ನೆನೆಯುತ್ತಾ ಗುದ್ದುಚೀಲಕ್ಕೆ ಗುದ್ದಿತು. ಇನ್ನೊಂದು ಗುಂಪೂ ಗುದ್ದಿತು, ಆದರೆ ವ್ಯಾಯಾಮ ಮಾಡುತ್ತಿದ್ದೇವೆ ಎಂದುಕೊಂಡು. ಮೂರನೆಯ ಗುಂಪಿನವರು ಏನೂ ಮಾಡದೆ ಒಂದೆರಡು ನಿಮಿಷ ಸುಮ್ಮನೆ ಕೂತರು. ಕೊನೆಗೆ, ಷರಾ ಬರೆದವನ ಕಿವಿಗೆ ಕರ್ಕಶ ಶಬ್ದ ಕೇಳಿಸುವ ಅವಕಾಶ ಎಲ್ಲರಿಗೂ ಸಿಕ್ಕಿತು. ಎಷ್ಟು ಜೋರು, ಎಷ್ಟು ಹೊತ್ತು ಎನ್ನುವುದು ಅವರವರ ಕೈಯಲ್ಲಿ.

ಕುಕ್ಕರಿನ ಲೆಕ್ಕ ಸರಿಯಿದ್ದರೆ, ಶತ್ರುವನ್ನು ನೆನೆದು ಗುದ್ದಿದವರು ಎಲ್ಲರಿಗಿಂತ ತಣ್ಣಗಾಗಿರಬೇಕಿತ್ತು. ಆಗಿದ್ದು ಉಲ್ಟಾ. ಅವರ ಸಿಟ್ಟೇ ಎಲ್ಲರಿಗಿಂತ ಹೆಚ್ಚು ಉಳಿದಿತ್ತು, ಜೋರು ಶಬ್ದ ಕೇಳಿಸಿದವರೂ ಅವರೇ. ಎಲ್ಲರಿಗಿಂತ ಕಡಿಮೆ ಹಾವಳಿ ಮಾಡಿದವರು ಸುಮ್ಮನೆ ಕೂತವರು.

2024ರಲ್ಲಿ ಬುಶ್‌ಮನ್ ತಮ್ಮ ಸಹೋದ್ಯೋಗಿ ಸೋಫಿ ಕ್ಯಾರ್ವಿಕ್ ಜೊತೆ ಸೇರಿ ಇಂಥ 154 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಅವುಗಳಲ್ಲಿ ಭಾಗವಹಿಸಿದ್ದವರು 10,000ಕ್ಕೂ ಹೆಚ್ಚು ಜನ. ಉಸಿರಾಟ, ಧ್ಯಾನ, ಯೋಗ, ಸ್ನಾಯುಗಳನ್ನು ಸಡಿಲಿಸುವ ಅಭ್ಯಾಸದಂತೆ ಮೈಯನ್ನು ಶಾಂತಗೊಳಿಸುವ ಕೆಲಸಗಳು ಸಿಟ್ಟನ್ನು ಇಳಿಸುತ್ತವೆ. ಮೈಯನ್ನು ಬಿಸಿಮಾಡುವ ಕೆಲಸಗಳಿಂದ ಒಟ್ಟಾರೆ ಪ್ರಯೋಜನವಿಲ್ಲ. ಜಾಗಿಂಗ್ ಅಂತೂ ಸಿಟ್ಟನ್ನು ಏರಿಸುವ ಕಡೆಗೇ ವಾಲಿತ್ತು. ಇದು ಅನೇಕರಿಗೆ ಇರಿಸುಮುರಿಸು ತರುವ ಮಾತು, ನನಗೂ. ಓಡುವುದು ಹೃದಯಕ್ಕೆ ಒಳ್ಳೆಯದು, ನಿದ್ದೆಗೆ ಒಳ್ಳೆಯದು. ಆದರೆ ಜಗಳದ ಬಿಸಿಯಲ್ಲೇ ಶೂ ಹಾಕಿಕೊಂಡು ಹೊರಟರೆ, ದಾರಿಯುದ್ದಕ್ಕೂ ಮನಸ್ಸು ಜಗಳವನ್ನೇ ಓಡಿಸುತ್ತಿರುತ್ತದೆ.

ಯಾಕೆ ಹೀಗೆ ಎನ್ನುವುದಕ್ಕೆ ಸುಳಿವು 1970ರ ದಶಕದಲ್ಲೇ ಸಿಕ್ಕಿತ್ತು. ಮನಶ್ಶಾಸ್ತ್ರಜ್ಞ ಡಾಲ್ಫ್ ಜಿಲ್‌ಮನ್ ಮತ್ತು ಸಂಗಡಿಗರು ಸಿಟ್ಟು ಬರಿಸಿದ ಕೆಲವರಿಗೆ ವ್ಯಾಯಾಮದ ಸೈಕಲ್ ತುಳಿಸಿದರು, ಉಳಿದವರಿಗೆ ಮೈ ದಣಿಯದ ಸಣ್ಣ ಕೈಕೆಲಸ ಕೊಟ್ಟರು. ಸೈಕಲ್ ತುಳಿದವರು ಆಮೇಲೆ ತಮ್ಮನ್ನು ಕೆಣಕಿದವನಿಗೆ ಹೆಚ್ಚು ಬಲವಾದ ಶಾಕ್ ಕೊಡಲು ಮುಂದಾದರು. ಎದೆಬಡಿತ ಏರಿದ್ದು ಸೈಕಲ್ಲಿನಿಂದ, ಆದರೆ ಮನಸ್ಸು ಅದನ್ನೂ ಸಿಟ್ಟಿನ ಖಾತೆಗೇ ಜಮಾ ಮಾಡಿಕೊಂಡಿತು. ಬಿಸಿಲಲ್ಲಿ ಟ್ರಾಫಿಕ್ಕಿನಲ್ಲಿ ಬೆಂದು ಮನೆಗೆ ಬಂದವರು ಒಂದು ಲೋಟ ನೀರು ತಡವಾದದ್ದಕ್ಕೆ ಸಿಡುಕುವುದೂ ಹೀಗೆಯೇ.

ಅಂದರೆ ಸಿಟ್ಟಿನಲ್ಲಿ ಎರಡು ಸಾಮಾನುಗಳಿವೆ. ಮೈಯ ಬಿಸಿ ಒಂದು. ಆ ಬಿಸಿಗೆ ಅರ್ಥ ಕೊಡುವ ಒಂದು ತೀರ್ಪು ಇನ್ನೊಂದು: 'ನನಗೆ ಅನ್ಯಾಯವಾಗಿದೆ, ಮಾಡಿದವನು ಇವನು, ಇವನಿಗೆ ಪಾಠ ಕಲಿಸಬೇಕು.' ಕುಕ್ಕರಿಗೆ ತೀರ್ಪು ಕೊಡಲು ಬರುವುದಿಲ್ಲ, ಆ ಲೆಕ್ಕ ಕೈಕೊಡುವುದು ಅಲ್ಲೇ. ತತ್ತ್ವಶಾಸ್ತ್ರ ಎರಡು ಸಾವಿರ ವರ್ಷಗಳಿಂದ ಕೈಹಾಕುತ್ತಾ ಬಂದಿರುವುದು ಈ ತೀರ್ಪಿಗೆ.

ಫ್ಯಾಮಿಲಿ ಗ್ರೂಪಿನಲ್ಲೊಂದು ಮೆಸೇಜು

ರಾತ್ರಿ ಊಟ ಮುಗಿಸಿ ಮೊಬೈಲ್ ತೆಗೆದಿದ್ದೀರಿ ಎನ್ನಿ. ಅಮ್ಮನ ಜೊತೆ ಊರಲ್ಲಿರುವ ಅಣ್ಣ ಫ್ಯಾಮಿಲಿ ಗ್ರೂಪಿನಲ್ಲಿ ಹಾಕಿದ್ದಾನೆ: "ಕೆಲವರಿಗೆ ಅಮ್ಮನ ನೆನಪು ಗೌರಿ ಹಬ್ಬಕ್ಕೆ ಮಾತ್ರ ಬರುತ್ತೆ." ಹೆಸರಿಲ್ಲ. ಕೆಳಗೆ ಚಿಕ್ಕಮ್ಮನ ಒಂದು ನಗುವಿನ ಎಮೋಜಿ.

ಕ್ರಿ.ಶ. ಮೊದಲನೆಯ ಶತಮಾನದ ರೋಮನ್ ಚಿಂತಕ ಸೆನೆಕ ತನ್ನ ಅಣ್ಣ ನೊವಾಟಸ್‌ಗೆಂದು ಸಿಟ್ಟಿನ ಬಗ್ಗೆಯೇ ಮೂರು ಭಾಗಗಳ ಒಂದು ಗ್ರಂಥ ಬರೆದ. ಅದರಲ್ಲಿ ಸಿಟ್ಟು ಮೂರು ಹೆಜ್ಜೆಯಲ್ಲಿ ಬರುತ್ತದೆ ಎನ್ನುತ್ತಾನೆ. ಮೊದಲ ಹೆಜ್ಜೆ ನಮ್ಮ ಕೈಯಲ್ಲಿಲ್ಲ. ಮೆಸೇಜು ಓದಿದ ಕೂಡಲೇ ಕಿವಿ ಬಿಸಿಯಾಗುವುದು, ದವಡೆ ಬಿಗಿಯುವುದು, ಹೊಟ್ಟೆಯಲ್ಲಿ ಏನೋ ಹೊರಳಿದಂತಾಗುವುದು. ಸೆನೆಕನ ಪ್ರಕಾರ ಇದು ಇನ್ನೂ ಸಿಟ್ಟಲ್ಲ. ಕಣ್ಣಿನ ಮುಂದೆ ಬೆರಳು ಬಂದರೆ ರೆಪ್ಪೆ ಮುಚ್ಚುವ ಜಾತಿಯದು, ಜ್ಞಾನಿಗೂ ತಪ್ಪಿದ್ದಲ್ಲ.

ಎರಡನೆಯ ಹೆಜ್ಜೆಯಲ್ಲಿ ಮನಸ್ಸು ಬಾಯಿ ಬಿಡುತ್ತದೆ. 'ಇದು ನನಗೇ ಹೇಳಿದ್ದು. ಎಲ್ಲರ ಮುಂದೆ, ಬೇಕಂತಲೇ. ಸುಮ್ಮನಿದ್ದರೆ ತಪ್ಪು ನನ್ನದೇ ಅಂದ ಹಾಗಾಗುತ್ತೆ.' ಇಷ್ಟು ವಾಕ್ಯಗಳು ಅರೆ ಸೆಕೆಂಡಿನಲ್ಲಿ ಬಂದು ಹೋಗುತ್ತವೆ. ಅವು ವಾಕ್ಯಗಳೆಂದು ನಮಗೆ ಅನ್ನಿಸುವುದೂ ಇಲ್ಲ, ಕಣ್ಣಿಗೆ ಕಾಣುವ ಸತ್ಯದಂತೆಯೇ ಇರುತ್ತವೆ. ಇಲ್ಲಿ ನಾವು 'ಹೌದು' ಎನ್ನಬಹುದು, ಅನ್ನದೆಯೂ ಇರಬಹುದು. ಸೆನೆಕ ಸೇರಿದ್ದ ಸ್ಟೋಯಿಕ್ ಎಂಬ ತತ್ತ್ವಪಂಥದವರು ತಮ್ಮ ಇಡೀ ಭರವಸೆಯನ್ನು ಇಟ್ಟದ್ದು ಈ ಸಣ್ಣ ಸಂದಿನಲ್ಲಿ.

ಮೂರನೆಯದು ಲಗಾಮು ಕಳಚಿದ ಸ್ಥಿತಿ. "ಅಮ್ಮನ ಆಸ್ಪತ್ರೆ ಬಿಲ್ಲು ಯಾರು ಕಟ್ಟಿದ್ದು ಅಂತ ಲೆಕ್ಕ ತೆಗೀಲಾ?" ಎಂದು ಬೆರಳು ಟೈಪು ಮಾಡಿ ಕಳಿಸಿಯೂ ಆಗಿದೆ. ನೀಲಿ ಗೆರೆ ಎರಡೂ ಮೂಡಿವೆ. ಇನ್ನು ಸೈಟು ಪಾಲಾದ ವರ್ಷದ ಕಥೆ ಹೊರಬರುವುದು ಬಾಕಿ. ಮಾತಿಗೆ ಮಾತು ಬೆಳೆಯುವುದು ಎಂದರೆ, ಇಬ್ಬರೂ ಮೂರನೆಯ ಹೆಜ್ಜೆಯಲ್ಲಿ ನಿಂತು ಪರಸ್ಪರ ಮೊದಲನೆಯ ಹೆಜ್ಜೆಯನ್ನು ಹುಟ್ಟಿಸುತ್ತಾ ಹೋಗುವುದು.

ಸೆನೆಕನಿಗಿಂತ ಸುಮಾರು 400 ವರ್ಷ ಹಿಂದಿನ ಅರಿಸ್ಟಾಟಲ್ ಈ ಮೆಸೇಜನ್ನು ನೋಡಿದ್ದರೆ ಇನ್ನೊಂದು ಅಂಶಕ್ಕೆ ಬೆರಳಿಡುತ್ತಿದ್ದ. ಅವನ ಪ್ರಕಾರ ಸಿಟ್ಟಿನ ಮೂಲ ಬರೀ ನೋವಲ್ಲ, ತಾತ್ಸಾರ. ನಮ್ಮನ್ನು ಕೀಳುಮಾಡುವ ಹಕ್ಕಿಲ್ಲದವರು ಕೀಳುಮಾಡಿದರು ಎನ್ನುವ ಭಾವ. ಸೇಡು ತೀರಿಸಿಕೊಳ್ಳುತ್ತೇನೆ ಎಂಬ ಕಲ್ಪನೆಯಿಂದ ಸಿಟ್ಟಿಗೆ ಒಂದು ಸುಖವೂ ಸೇರಿಕೊಂಡಿರುತ್ತದೆ ಎಂದೂ ಅವನು ಹೇಳುತ್ತಾನೆ. ಸಿಟ್ಟು ಜೇನಿಗಿಂತ ಸಿಹಿ ಎನ್ನುವ ಗ್ರೀಕ್ ಕವಿ ಹೋಮರನ ಸಾಲನ್ನು ಸಾಕ್ಷಿಗೆ ತರುತ್ತಾನೆ. ಚುಚ್ಚುವ ಉತ್ತರ ಟೈಪು ಮಾಡುವಾಗ, ಒಂದೊಂದು ಶಬ್ದ ಆರಿಸುವಾಗ ಒಳಗೊಳಗೇ ಆಗುವ ಆ ಹಿತವನ್ನು ನೆನೆದುಕೊಳ್ಳಿ. ಬಿಟ್ಟರೂ ಬಿಡದ ಚಟವಾಗಿ ಸಿಟ್ಟು ಅಂಟಿಕೊಳ್ಳುವುದಕ್ಕೆ ಈ ಸಿಹಿಯೂ ಕಾರಣ.

ಈ ಮೂರು ಹೆಜ್ಜೆಯ ನಕ್ಷೆಗೆ ಇವತ್ತಿನ ನರವಿಜ್ಞಾನದಲ್ಲಿ ಹತ್ತಿರದ ನೆಂಟರಿದ್ದಾರೆ. ಮಿದುಳಿನಲ್ಲಿ ಬಾದಾಮಿಯಾಕಾರದ ಅಮಿಗ್ಡಲ ಎಂಬ ಭಾಗ, ಅಪಾಯವನ್ನು ಗುರುತಿಸುವ ಜಾಲದ ಒಂದು ಕೊಂಡಿ. ನಾವು ಯೋಚಿಸಿ ಮುಗಿಸುವ ಮೊದಲೇ ಅದು ಎಚ್ಚರಿಕೆ ಕೊಟ್ಟಾಗಿರುತ್ತದೆ, ಅಡ್ರಿನಲಿನ್ ರಕ್ತಕ್ಕೆ ಇಳಿದಿರುತ್ತದೆ. ಹಣೆಯ ಹಿಂದಿನ ಪ್ರೀಫ್ರಾಂಟಲ್ ಭಾಗ ಸಂದರ್ಭ ತೂಗಿ ನೋಡಿ, ಬೇಕಿದ್ದರೆ ಬ್ರೇಕು ಹಾಕುತ್ತದೆ. ಅದಕ್ಕೆ ಸ್ವಲ್ಪ ಹೊತ್ತು ಬೇಕು. 'ಸಿಟ್ಟಿನ ಆಯುಷ್ಯ ಬರೀ 90 ಸೆಕೆಂಡು' ಎಂದು ವಾಟ್ಸಾಪಿನಲ್ಲಿ ಓಡಾಡುವ ಲೆಕ್ಕವನ್ನು ನಂಬಿ ಗಡಿಯಾರ ನೋಡುತ್ತಾ ಕೂರಬೇಡಿ. ಮೈಯ ಬಿಸಿ ಇಳಿಯಲು ಎಷ್ಟೋ ನಿಮಿಷ ಬೇಕಾಗಬಹುದು. ನಡುವೆ ಆ ಮೆಸೇಜನ್ನು ಮತ್ತೊಮ್ಮೆ ತೆಗೆದು ಓದಿದರೆ ಲೆಕ್ಕ ಮೊದಲಿಂದ ಶುರು.

ಸೆನೆಕನ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವುದು ಸರಿಯಲ್ಲ. ಇವನು ಆಶ್ರಮದಲ್ಲಿ ಕೂತು ಬರೆದವನಲ್ಲ. ಚಕ್ರವರ್ತಿ ಕ್ಲಾಡಿಯಸ್ ಇವನನ್ನು ಕ್ರಿ.ಶ. 41ರಲ್ಲಿ ಕಾರ್ಸಿಕಾ ದ್ವೀಪಕ್ಕೆ ಗಡೀಪಾರು ಮಾಡಿದ. ಎಂಟು ವರ್ಷದ ಮೇಲೆ ವಾಪಸು ಕರೆಸಿಕೊಂಡದ್ದು ನೀರೋ ಎಂಬ ಹುಡುಗನಿಗೆ ಪಾಠ ಹೇಳಲು. ಅದೇ ನೀರೋ ದೊಡ್ಡವನಾಗಿ ಚಕ್ರವರ್ತಿಯಾದ ಮೇಲೆ, 65ರಲ್ಲಿ ಗುರುವಿಗೆ ಆತ್ಮಹತ್ಯೆ ಮಾಡಿಕೊಳ್ಳುವಂತೆ ಆಜ್ಞೆ ಮಾಡಿದ. ಸಿಟ್ಟಿನ ಬಗ್ಗೆ ರೋಮಿನಲ್ಲೇ ಒಳ್ಳೆಯ ಪುಸ್ತಕ ಬರೆದವನ ಶಿಷ್ಯನ ಕಥೆ ಇದು. ಪುಸ್ತಕದ ತಪ್ಪೆಂದು ನಾನು ಹೇಳುವುದಿಲ್ಲ. ಸಲಹೆ ಬೇಕಾದವನೇ ಕೇಳಿಸಿಕೊಳ್ಳದಿದ್ದರೆ ಸಲಹೆಯ ಬಲ ಎಷ್ಟೆಂದು ಇದು ತೋರಿಸುತ್ತದೆ.

ಆ ಪುಸ್ತಕದಲ್ಲೇ ಒಂದು ಘಟನೆ ಬರುತ್ತದೆ. ವೇಡಿಯಸ್ ಪೋಲಿಯೋ ಎಂಬ ಶ್ರೀಮಂತನ ಮನೆಯಲ್ಲಿ ಚಕ್ರವರ್ತಿ ಆಗಸ್ಟಸ್‌ಗೆ ಔತಣ. ಗುಲಾಮ ಹುಡುಗನೊಬ್ಬ ಸ್ಫಟಿಕದ ಬಟ್ಟಲು ಒಡೆದ. ಪೋಲಿಯೋ ಅವನನ್ನು ಕೊಳದಲ್ಲಿ ಸಾಕಿದ್ದ ಹಾವುಮೀನುಗಳಿಗೆ ಎಸೆಯಲು ಹೇಳಿದ. ಹುಡುಗ ತಪ್ಪಿಸಿಕೊಂಡು ಚಕ್ರವರ್ತಿಯ ಕಾಲಿಗೆ ಬಿದ್ದ. ಬದುಕಿಸಿ ಎಂದಲ್ಲ, ಬೇರೆ ರೀತಿ ಸಾಯಿಸಿ ಎಂದು. ಆಗಸ್ಟಸ್ ಹುಡುಗನನ್ನು ಬಿಡಿಸಿ, ಮನೆಯಲ್ಲಿದ್ದ ಸ್ಫಟಿಕದ ಪಾತ್ರೆಗಳನ್ನೆಲ್ಲ ಪೋಲಿಯೋನ ಕಣ್ಣೆದುರೇ ಒಡೆಸಿ, ಕೊಳವನ್ನು ಮುಚ್ಚಿಸಿದ. ಸೆನೆಕ ಇದನ್ನು ಮೆಚ್ಚಿ ಬರೆಯುತ್ತಾನೆ. ಓದುವಾಗ ನನಗೆ ಕಾಣುವುದು ಬೇರೆ: ಪೋಲಿಯೋನ ಸಿಟ್ಟಿಗೆ ಅಷ್ಟು ದೂರ ಹೋಗುವ ಧೈರ್ಯ ಬಂದದ್ದು ಎದುರಿಗಿದ್ದವನು ಗುಲಾಮನಾದ್ದರಿಂದ. ಈ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮ ಕಡೆಯ ನಕ್ಷೆಗಳು

ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ 62 ಮತ್ತು 63ನೇ ಶ್ಲೋಕಗಳು ಸಿಟ್ಟಿನ ವಂಶಾವಳಿ ಹೇಳುತ್ತವೆ. ಒಂದು ವಿಷಯವನ್ನೇ ನೆನೆಯುತ್ತಿದ್ದರೆ ಅಂಟು, ಅಂಟಿನಿಂದ ಆಸೆ, ಆಸೆಯಿಂದ ಕ್ರೋಧ, ಕ್ರೋಧದಿಂದ ಮರುಳು, ಅದರಿಂದ ನೆನಪಿನ ಗೊಂದಲ, ಅಲ್ಲಿಂದ ಬುದ್ಧಿಯ ನಾಶ. ಸೆನೆಕ ಸಿಟ್ಟು ಹುಟ್ಟಿದ ಕ್ಷಣದಿಂದ ಎಣಿಸಲು ಶುರುಮಾಡಿದರೆ, ಗೀತೆ ಮೂರು ಹೆಜ್ಜೆ ಹಿಂದಿನಿಂದ ಎಣಿಸುತ್ತದೆ. ಅಣ್ಣನ ಮೆಸೇಜು ಚುಚ್ಚಿದ್ದು ಯಾಕೆಂದರೆ, 'ದೂರದಲ್ಲಿದ್ದರೂ ನಾನು ಒಳ್ಳೆಯ ಮಗ' ಎಂದು ಎಲ್ಲರೂ ಒಪ್ಪಬೇಕೆಂಬ ಆಸೆ ಮೊದಲೇ ಒಳಗಿತ್ತು. ಆ ಆಸೆ ಇಲ್ಲದವನಿಗೆ ಅದೇ ಮೆಸೇಜು ಬರೀ ಒಂದು ಸಾಲು. ನೆನಪಿನ ಗೊಂದಲ ಎನ್ನುವ ಮೆಟ್ಟಿಲನ್ನು ನಾನು ಸಡಿಲವಾಗಿ ಹೀಗೆ ಓದಿಕೊಳ್ಳುತ್ತೇನೆ: ಸಿಟ್ಟು ನೆತ್ತಿಗೇರಿದಾಗ, ಕಳೆದ ವರ್ಷ ಜ್ವರ ಬಂದಾಗ ರಾತ್ರಿ ಬಸ್ಸು ಹಿಡಿದು ಬಂದವನೂ ಇದೇ ಅಣ್ಣ ಎನ್ನುವುದು ನೆನಪಿಗೇ ಬರುವುದಿಲ್ಲ.

ಶಾಲೆಯಲ್ಲಿ ಬಾಯಿಪಾಠ ಮಾಡಿ ಮುಗಿಸಿದ ಬಸವಣ್ಣನವರ ವಚನವೊಂದಿದೆ, 'ತನಗೆ ಮುನಿವರಿಗೆ ತಾ ಮುನಿಯಲೇಕಯ್ಯಾ' ಎಂದು ಶುರುವಾಗುವುದು. ಮನೆಯೊಳಗಿನ ಕಿಚ್ಚು ಮೊದಲು ಸುಡುವುದು ತನ್ನ ಮನೆಯನ್ನೇ ಎನ್ನುವ ಕೊನೆಯ ಸಾಲನ್ನು ಎಲ್ಲರೂ ಹೇಳುತ್ತಾರೆ. ನಡುವಿನ ಸಾಲುಗಳನ್ನು ದಾಟಿಬಿಡುತ್ತಾರೆ: 'ತನುವಿನ ಕೋಪ ತನ್ನ ಹಿರಿಯತನದ ಕೇಡು, ಮನದ ಕೋಪ ತನ್ನ ಅರಿವಿನ ಕೇಡು.' ಮೈಯಲ್ಲಿ ಕಾಣುವ ಕೋಪ, ಮನಸ್ಸಿನಲ್ಲಿ ಕೂತ ಕೋಪ, ಎರಡಕ್ಕೂ ಬೇರೆ ಬೇರೆ ನಷ್ಟ. ಕೂಗಾಡಿದರೆ ಜನರ ಕಣ್ಣಲ್ಲಿ ಸಣ್ಣವರಾಗುತ್ತೇವೆ. ಕೂಗಾಡದೆ ಒಳಗೇ ಕುದಿಯುತ್ತಿದ್ದರೆ ಮರ್ಯಾದೆ ಉಳಿಯುತ್ತದೆ, ಅರಿವು ಹೋಗುತ್ತದೆ. ಜಗಳಗಂಟರಿಗಿಂತ, ವರ್ಷಗಟ್ಟಲೆ ಮಾತು ಬಿಟ್ಟು ಕೂತ 'ಸಭ್ಯ'ರಿಗೆ ಈ ಎರಡನೆಯ ಸಾಲು ಹೆಚ್ಚು ತಾಕಬೇಕು.

ಎಂಟನೆಯ ಶತಮಾನದಲ್ಲಿ ನಾಲಂದದಲ್ಲಿದ್ದ ಬೌದ್ಧ ಗುರು ಶಾಂತಿದೇವನ ತರ್ಕ ಇನ್ನೂ ವಿಚಿತ್ರ. ಒಬ್ಬ ಕೋಲಿನಿಂದ ಹೊಡೆದರೆ ನಾವು ಕೋಲಿನ ಮೇಲೆ ಸಿಟ್ಟಾಗುವುದಿಲ್ಲ, ಕೋಲು ಬೀಸಿದವನ ಮೇಲೆ ಆಗುತ್ತೇವೆ. ಅವನನ್ನು ಬೀಸಿದ್ದು ದ್ವೇಷ. ಹಾಗಿದ್ದರೆ ನಿಮ್ಮ ಸಿಟ್ಟು ದ್ವೇಷದ ಮೇಲಲ್ಲವೇ ಹೋಗಬೇಕು? ಪಿತ್ತ ಕೆರಳಿ ಮೈಗೆ ನೋವಾದರೆ ಪಿತ್ತದ ಮೇಲೆ ಸಿಟ್ಟಾಗುವುದಿಲ್ಲ, ಕಾರಣಗಳಿಂದ ಹುಟ್ಟಿದ್ದೆಂದು ಬಿಡುತ್ತೇವೆ. ಮನುಷ್ಯನ ನಡತೆಯೂ ಕಾರಣಗಳಿಂದಲೇ ಹುಟ್ಟಿದ್ದು. ಕೋರ್ಟಿನಲ್ಲಿ ಈ ವಾದ ನಿಲ್ಲುವುದಿಲ್ಲ. ಆದರೆ ಅಣ್ಣನ ಮೆಸೇಜಿನ ಹಿಂದೆ ಆ ದಿನ ಅಮ್ಮನ ಜೊತೆ ಆಸ್ಪತ್ರೆಯ ಸಾಲಿನಲ್ಲಿ ನಿಂತ ದಣಿವೂ ಇರಬಹುದೇ ಎಂದು ಕೇಳಿಕೊಳ್ಳಲು ಸಾಕು.

ಒಳಗಿನ ವಾಕ್ಯವನ್ನು ಹಿಡಿಯುವುದು

ಗುಲಾಮನಾಗಿ ಹುಟ್ಟಿ ಆಮೇಲೆ ಗುರುವಾದ ಸ್ಟೋಯಿಕ್ ಚಿಂತಕ ಎಪಿಕ್ಟೀಟಸ್ ಹೇಳಿದ್ದು: ಜನರನ್ನು ಕದಡುವುದು ಸಂಗತಿಗಳಲ್ಲ, ಆ ಸಂಗತಿಗಳ ಬಗ್ಗೆ ಅವರಿಗಿರುವ ಅಭಿಪ್ರಾಯ. ನ್ಯೂಯಾರ್ಕಿನ ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಎಲ್ಲಿಸ್ 1955ರಲ್ಲಿ ಫ್ರಾಯ್ಡ್ ದಾರಿ ಬಿಟ್ಟು ಹೊಸ ಚಿಕಿತ್ಸೆ ಕಟ್ಟಿದಾಗ ಈ ಸಾಲನ್ನೇ ಅಡಿಗಲ್ಲು ಮಾಡಿಕೊಂಡರು. 1960ರ ದಶಕದಲ್ಲಿ ಆರನ್ ಬೆಕ್ ಬೆಳೆಸಿದ ಅರಿವಿನ ಚಿಕಿತ್ಸೆಯೂ ತನ್ನ ಬೇರುಗಳನ್ನು ಸ್ಟೋಯಿಕರಲ್ಲೇ ತೋರಿಸುತ್ತದೆ. ಇವತ್ತು ಆಪ್ತಸಮಾಲೋಚಕರು ಬಳಸುವ ಸಿಬಿಟಿ (ಕಾಗ್ನಿಟಿವ್ ಬಿಹೇವಿಯರ್ ಥೆರಪಿ) ಬೆಳೆದದ್ದು ಇಲ್ಲಿಂದ.

ಸಿಟ್ಟಿನ ವಾಕ್ಯಗಳಲ್ಲಿ ಎಲ್ಲಿಸ್ ಪದೇಪದೇ ಕಂಡದ್ದು ಒಂದು ಹಟ: 'ಬೇಕೇ ಬೇಕು'. ಅವನು ಹೀಗೆ ಮಾತಾಡಬಾರದಿತ್ತು ಎಂದು ಬಯಸುವುದು ಬೇರೆ, ಅವನು ಹೀಗೆ ಮಾತಾಡಲೇಕೂಡದು ಎಂದು ಲೋಕಕ್ಕೆ ಕಾನೂನು ಮಾಡುವುದು ಬೇರೆ. ಮೊದಲನೆಯದರಿಂದ ಬೇಸರ, ಎರಡನೆಯದರಿಂದ ಕ್ರೋಧ. ಇನ್ನೊಂದು ಅಭ್ಯಾಸ, ಉದ್ದೇಶವನ್ನು ಊಹಿಸಿಬಿಡುವುದು. ಕೆನೆತ್ ಡಾಡ್ಜ್ 1980ರಲ್ಲಿ ಶಾಲಾ ಹುಡುಗರ ಮೇಲೆ ಮಾಡಿದ ಅಧ್ಯಯನ ಪ್ರಸಿದ್ಧ: ತಾವು ಜೋಡಿಸುತ್ತಿದ್ದ ಪಜಲ್ಲನ್ನು ಇನ್ನೊಬ್ಬ ಕೆಡಿಸಿದಾಗ, ಅದು ಬೇಕಂತಲೋ ಆಕಸ್ಮಿಕವೋ ಸ್ಪಷ್ಟವಿಲ್ಲದಿದ್ದರೆ, ಜಗಳಗಂಟ ಹುಡುಗರು 'ಬೇಕಂತಲೇ' ಎಂದುಕೊಂಡೇ ಪ್ರತಿಕ್ರಿಯಿಸುತ್ತಿದ್ದರು. ಹೆಸರಿಲ್ಲದ ಮೆಸೇಜಿನಲ್ಲಿ ನಮ್ಮ ಹೆಸರನ್ನೇ ಓದುವುದು ಇದರ ದೊಡ್ಡವರ ಆವೃತ್ತಿ.

ವಾಕ್ಯವನ್ನು ತಿದ್ದುವುದು ಬೇರೆ, ಸಿಟ್ಟನ್ನು ನುಂಗುವುದು ಬೇರೆ. ಇದನ್ನು ಬಿಡಿಸಿ ತೋರಿಸಿದವರು ಸ್ಟ್ಯಾನ್‌ಫರ್ಡಿನ ಜೇಮ್ಸ್ ಗ್ರಾಸ್. 1998ರ ಪ್ರಯೋಗದಲ್ಲಿ ಅಸಹ್ಯ ಹುಟ್ಟಿಸುವ ಚಿತ್ರ ತೋರಿಸಿ, ಕೆಲವರಿಗೆ ಅದನ್ನು ನಿರ್ಲಿಪ್ತವಾಗಿ ನೋಡಲು, ಇನ್ನು ಕೆಲವರಿಗೆ ಮುಖದ ಮೇಲೆ ಏನೂ ತೋರದಂತೆ ಇರಲು ಹೇಳಿದರು. ನೋಟ ಬದಲಿಸಿದವರಿಗೆ ಅನುಭವವೇ ಕಡಿಮೆಯಾಯಿತು. ಮುಖ ಬಿಗಿಹಿಡಿದವರ ಒಳಗಿನ ಭಾವನೆ ಹಾಗೇ ಇತ್ತು, ಮೈಯ ಒತ್ತಡ ಮಾತ್ರ ಏರಿತ್ತು. ಅಲ್ಲಿದ್ದದ್ದು ಅಸಹ್ಯ, ಸಿಟ್ಟಲ್ಲ, ನಿಜ. ಆದರೂ 'ತಾಳಿದವನು ಬಾಳಿಯಾನು' ಎಂದು ಹಲ್ಲು ಕಚ್ಚಿ ಕೂರುವುದನ್ನೇ ಶಾಂತಿ ಎಂದು ತಿಳಿದಿರುವ ನಮ್ಮ ಮನೆಗಳು ಈ ಫಲಿತಾಂಶವನ್ನು ಗೋಡೆಗೆ ಅಂಟಿಸಿಕೊಳ್ಳಬಹುದು.

ಸರಿ, ಆ ಕ್ಷಣದಲ್ಲಿ ಏನು ಮಾಡುವುದು? ಹಳೆಯ ಮದ್ದು ತಡ. ಸಿಟ್ಟಿಗೆ ಅತಿ ದೊಡ್ಡ ಔಷಧ ವಿಳಂಬ ಎಂದು ಸೆನೆಕ ಒಂದಕ್ಕಿಂತ ಹೆಚ್ಚು ಸಲ ಹೇಳುತ್ತಾನೆ. ಅಥೆನೊಡೋರಸ್ ಎಂಬ ಗುರು ಆಗಸ್ಟಸ್‌ಗೆ, ಸಿಟ್ಟು ಬಂದಾಗ ಅಕ್ಷರಮಾಲೆ ಪೂರ್ತಿ ಹೇಳಿ ಮುಗಿಸುವವರೆಗೆ ಏನೂ ಆಡಬೇಡ, ಮಾಡಬೇಡ ಎಂದಿದ್ದನೆಂದು ಗ್ರೀಕ್ ಲೇಖಕ ಪ್ಲುಟಾರ್ಕ್ ಬರೆಯುತ್ತಾನೆ. ಗ್ರೀಕಿನಲ್ಲಿ 24 ಅಕ್ಷರ. ಕನ್ನಡದಲ್ಲಿ 49, ಈ ವಿಷಯದಲ್ಲಿ ನಮಗೇ ಲಾಭ. ಮಹಾಪ್ರಾಣಗಳನ್ನು ಸರಿಯಾಗಿ ಉಚ್ಚರಿಸಿದರೆ ಉಸಿರೂ ಉದ್ದವಾಗುತ್ತದೆ. ತಮಾಷೆ ಬಿಟ್ಟರೂ, ಉಸಿರನ್ನು ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಸಿ, ಬಿಡುವ ಉಸಿರನ್ನು ಉದ್ದ ಮಾಡಿದರೆ, ಅದು ಮೈಯ ಬಿಸಿಯ ಮೇಲೆ ನೇರವಾಗಿ ಕೆಲಸ ಮಾಡುತ್ತದೆ.

ತಡ ಮಾಡುವಾಗ ಮನಸ್ಸಿಗೂ ಕೆಲಸ ಕೊಡಬೇಕು, ಇಲ್ಲದಿದ್ದರೆ ಅದು ಉತ್ತರವನ್ನು ಮಸೆಯುತ್ತಾ ಕೂರುತ್ತದೆ. ಒಂದು ದಾರಿ, ಆಗುತ್ತಿರುವುದಕ್ಕೆ ಹೆಸರಿಡುವುದು. ಮ್ಯಾಥ್ಯೂ ಲೀಬರ್‌ಮನ್ ತಂಡದ 2007ರ ಮಿದುಳು ಅಧ್ಯಯನದಲ್ಲಿ, ಸಿಟ್ಟಿನ ಅಥವಾ ಭಯದ ಮುಖಗಳನ್ನು ನೋಡಿ ಆ ಭಾವನೆಯ ಹೆಸರನ್ನು ಆರಿಸಿದಾಗ ಅಮಿಗ್ಡಲದ ಚಟುವಟಿಕೆ ತಗ್ಗಿತು. 'ಅಣ್ಣ ಎಂಥವನು' ಎನ್ನುವುದರ ಬದಲು 'ನನಗೆ ಅವಮಾನವಾಗಿದೆ' ಎಂದುಕೊಂಡು ನೋಡಿ. ಇನ್ನೊಂದು, ಸ್ವಲ್ಪ ದೂರ ನಿಲ್ಲುವುದು. ಈಥನ್ ಕ್ರಾಸ್ ಮತ್ತು ಓಜ್ಲೆಮ್ ಐಡುಕ್ ಅವರ ಪ್ರಯೋಗಗಳಲ್ಲಿ, ಹಳೆಯ ಜಗಳವೊಂದನ್ನು ತಮ್ಮ ಕಣ್ಣಿನಿಂದ ಮತ್ತೆ ಅನುಭವಿಸಿದವರಿಗಿಂತ, ಗೋಡೆಯ ಮೇಲಿನ ನೊಣದಂತೆ ದೂರದಿಂದ ನೋಡಿ 'ಯಾಕೆ ಹೀಗಾಯಿತು' ಎಂದು ಕೇಳಿಕೊಂಡವರಿಗೆ ಸಿಟ್ಟು ಕಡಿಮೆ ಮರುಕಳಿಸಿತು.

ರಾತ್ರಿ ದೀಪ ಆರಿಸಿ, ತನ್ನ ಈ ಅಭ್ಯಾಸ ಗೊತ್ತಿರುವ ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಇಡೀ ದಿನವನ್ನು ಮತ್ತೆ ನೋಡುತ್ತೇನೆ ಎಂದು ಸೆನೆಕ ಬರೆಯುತ್ತಾನೆ. 'ಇವತ್ತು ಆ ಮನುಷ್ಯನ ಜೊತೆ ಬೇಡದ ವಾದಕ್ಕಿಳಿದೆ. ಇನ್ನು ಹಾಗೆ ಮಾಡಬೇಡ, ಈ ಸಲ ಕ್ಷಮಿಸಿದ್ದೇನೆ' ಎಂದು ತನಗೇ ಹೇಳಿಕೊಳ್ಳುತ್ತಾನೆ. 1975ರಲ್ಲಿ ರೇಮಂಡ್ ನೊವಾಕೊ ರೂಪಿಸಿದ ಸಿಟ್ಟು ನಿರ್ವಹಣೆಯ ಚಿಕಿತ್ಸೆಯಲ್ಲೂ ಒಂದು ಡೈರಿ ಇದೆ: ಏನಾಯಿತು, ಮೈ ಹೇಗಿತ್ತು, ಮನಸ್ಸು ಏನೆಂದಿತು, ನಾನು ಏನು ಮಾಡಿದೆ. ಅಣ್ಣನಿಗೆ ಏನೂ ಹೇಳಬಾರದೆಂದು ಇದರ ಅರ್ಥವಲ್ಲ. ಮರುದಿನ ಫೋನು ಮಾಡಿ, "ಗ್ರೂಪಲ್ಲಿ ಹಾಕಿದ್ದು ನನಗೆ ನೋವಾಯ್ತು, ನನಗೇ ಹೇಳಿದ್ದಾ?" ಎಂದು ಕೇಳುವುದು ನುಂಗುವುದೂ ಅಲ್ಲ, ಕಾರುವುದೂ ಅಲ್ಲ.

ಮೈಗೆ ಆಗುವ ನಷ್ಟವನ್ನೂ ಹೇಳಿಬಿಡಬೇಕು. ಅಮೆರಿಕದಲ್ಲಿ ಮುರೆ ಮಿಟಲ್‌ಮನ್ ತಂಡ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಿಟ್ಟಿನ ಸ್ಫೋಟದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಸುಮಾರು 2.3 ಪಟ್ಟು. ಒಂದು ಜಗಳದ ಮಟ್ಟಿಗೆ ಈ ಅಪಾಯ ಸಣ್ಣದೇ. ಮೊದಲೇ ಹೃದಯದ ತೊಂದರೆ ಇದ್ದವರಿಗೆ, ದಿನಕ್ಕೆರಡು ಸಲ ಕಿಡಿಕಾರುವವರಿಗೆ ಸಣ್ಣದಲ್ಲ.

ಯಾರ ಸಿಟ್ಟು, ಯಾರ ಮೇಲೆ

ಇಷ್ಟು ಓದಿ ಸಿಟ್ಟೆಂದರೆ ಬರೀ ರೋಗ ಎಂದುಕೊಳ್ಳುವ ಹಾಗಿಲ್ಲ. ಸೆನೆಕ ಹಾಗೇ ಅಂದುಕೊಂಡಿದ್ದ, ಅರಿಸ್ಟಾಟಲ್ ಒಪ್ಪುತ್ತಿರಲಿಲ್ಲ. ಸರಿಯಾದ ಕಾರಣಕ್ಕೆ, ಸರಿಯಾದವರ ಮೇಲೆ, ಸರಿಯಾದ ಅಳತೆಯಲ್ಲಿ ಸಿಟ್ಟಾಗದವನನ್ನು ಅವನು ಪೆದ್ದನೆನ್ನುತ್ತಾನೆ. ಮಹಾಭಾರತದ ವನಪರ್ವದಲ್ಲಿ ಈ ಜಗಳ ಗಂಡ ಹೆಂಡತಿಯ ನಡುವೆಯೇ ನಡೆಯುತ್ತದೆ. ಎಲ್ಲ ಕಳೆದುಕೊಂಡು ದ್ವೈತವನದಲ್ಲಿರುವಾಗ ದ್ರೌಪದಿ ಯುಧಿಷ್ಠಿರನನ್ನು ಕೇಳುತ್ತಾಳೆ: ನನ್ನನ್ನು, ತಮ್ಮಂದಿರನ್ನು ಈ ಸ್ಥಿತಿಯಲ್ಲಿ ನೋಡಿಯೂ ನಿನಗೆ ಸಿಟ್ಟೇಕೆ ಬರುವುದಿಲ್ಲ? ಪ್ರಹ್ಲಾದ ಬಲಿಗೆ ಹೇಳಿದ ಮಾತನ್ನು ಆಧಾರ ಕೊಡುತ್ತಾಳೆ: ಸದಾ ಉಗ್ರತೆಯೂ ಒಳ್ಳೆಯದಲ್ಲ, ಸದಾ ಕ್ಷಮೆಯೂ ಒಳ್ಳೆಯದಲ್ಲ. ಯುಧಿಷ್ಠಿರ ಕ್ಷಮೆಯನ್ನು ಉದ್ದಕ್ಕೆ ಹೊಗಳುತ್ತಾನೆ. ವಾದದಲ್ಲಿ ಗೆದ್ದವರು ಯಾರೆಂದು ವ್ಯಾಸರು ತೀರ್ಪು ಕೊಟ್ಟಿಲ್ಲ. ನನ್ನ ಮತ ದ್ರೌಪದಿಗೆ.

ಇದೇ ವಾದ ಇವತ್ತೂ ಮುಗಿದಿಲ್ಲ. ತತ್ತ್ವಶಾಸ್ತ್ರಜ್ಞೆ ಮಾರ್ಥಾ ನಸ್‌ಬಾಮ್ 2016ರಲ್ಲಿ, ಸಿಟ್ಟಿನೊಳಗಿನ 'ತಿರುಗಿಸಿ ಕೊಡುವ' ಆಸೆ ವ್ಯರ್ಥ, ಅನ್ಯಾಯವನ್ನು ಗುರುತಿಸಿದ ಕೂಡಲೇ ಸಿಟ್ಟನ್ನು ಮುಂದಿನ ಕೆಲಸಕ್ಕೆ ತಿರುಗಿಸಬೇಕು ಎಂದು ವಾದಿಸಿದರು. 1893ರಲ್ಲಿ ದಕ್ಷಿಣ ಆಫ್ರಿಕಾದ ಪೀಟರ್‌ಮಾರಿಟ್ಜ್‌ಬರ್ಗ್ ನಿಲ್ದಾಣದಲ್ಲಿ ರೈಲಿನಿಂದ ದಬ್ಬಿಸಿಕೊಂಡ ಗಾಂಧಿ ದಬ್ಬಿದವನ ಬೆನ್ನು ಹತ್ತಲಿಲ್ಲ, ಕಾನೂನಿನ ಬೆನ್ನು ಹತ್ತಿದರು. ಇನ್ನೊಬ್ಬ ತತ್ತ್ವಶಾಸ್ತ್ರಜ್ಞೆ ಅಮಿಯಾ ಶ್ರೀನಿವಾಸನ್ 2018ರಲ್ಲಿ ಎತ್ತಿದ ಪ್ರಶ್ನೆಯೂ ಗಟ್ಟಿಯಾದದ್ದೇ: ಅನ್ಯಾಯಕ್ಕೊಳಗಾದವರಿಗೆ 'ಸಿಟ್ಟಿನಿಂದ ನಿನಗೇ ನಷ್ಟ' ಎಂದು ಉಪದೇಶಿಸುವುದು ಇನ್ನೊಂದು ಅನ್ಯಾಯವಲ್ಲವೇ? 'ಬಡವನ ಕೋಪ ದವಡೆಗೆ ಮೂಲ' ಎಂಬ ನಮ್ಮ ಗಾದೆ ಹೇಳುವುದೂ ಇದನ್ನೇ. ಕೋಪ ತಪ್ಪೆಂದು ಅದು ಹೇಳುವುದಿಲ್ಲ, ಏಟು ಯಾರಿಗೆ ಬೀಳುತ್ತದೆ ಎಂದು ಹೇಳುತ್ತದೆ. ಆದ್ದರಿಂದ, ಸಂಬಳ ಕೊಡದೆ ದುಡಿಸುವ ಕಂಪನಿ ನೌಕರರಿಗೆ 'ಸಿಟ್ಟು ನಿರ್ವಹಣೆ' ಕಾರ್ಯಾಗಾರ ಇಟ್ಟರೆ ಅನುಮಾನಪಡುವುದು ಒಳ್ಳೆಯದು.

ಗಾದೆಯ ಇನ್ನೊಂದು ಮುಖ 'ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ'. ಪೋಲಿಯೋನ ಗುಲಾಮ ಹುಡುಗ ಇಲ್ಲಿ ಮತ್ತೆ ಬರುತ್ತಾನೆ. ಮನೆಯಲ್ಲಿ ಹೆಂಡತಿ ಮಕ್ಕಳಿಗೆ ಕೈಮಾಡುವ ಎಷ್ಟೋ ಗಂಡಸರು 'ನನಗೆ ಸಿಟ್ಟು ತಡೆಯಕ್ಕಾಗಲ್ಲ' ಎನ್ನುತ್ತಾರೆ. ಅದೇ ದಿನ ಬೆಳಿಗ್ಗೆ ಎಲ್ಲರ ಮುಂದೆ ಬೈದ ಮೇಲಧಿಕಾರಿಯ ಎದುರು ಅವರೇ ತಡೆದಿರುತ್ತಾರೆ, ಕೈಕಟ್ಟಿ ನಿಂತು 'ಸರಿ ಸಾರ್' ಎಂದಿರುತ್ತಾರೆ. ಬ್ರೇಕು ಕೆಟ್ಟಿಲ್ಲ, ಎಲ್ಲಿ ಹಾಕಬೇಕಿಲ್ಲ ಎಂದು ಚೆನ್ನಾಗಿ ಗೊತ್ತಿದೆ. ಇದನ್ನು ಸಿಟ್ಟಿನ ಸಮಸ್ಯೆ ಎಂದು ಕರೆದು ಉಸಿರಾಟ ಹೇಳಿಕೊಟ್ಟು ಕಳಿಸುವುದು ಮೋಸ. 'ಅವರ ಸಿಟ್ಟಿನ ಸ್ವಭಾವ ಗೊತ್ತಲ್ಲ, ನೀನೇ ಸುಧಾರಿಸಿಕೋ' ಎಂದು ಆ ಹೆಂಗಸಿಗೆ ಹೇಳುವುದು ಇನ್ನೂ ದೊಡ್ಡ ಮೋಸ. ಅವಳಿಗೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ ಇದೆ, ಮಹಿಳಾ ಸಹಾಯವಾಣಿ 181 ಇದೆ.

ತಡೆಯಲು ನಿಜವಾಗಿಯೂ ಆಗದವರೂ ಇದ್ದಾರೆ: ಮೇಲಧಿಕಾರಿ, ಪೊಲೀಸು, ಅಪರಿಚಿತ, ಯಾರೆದುರೂ ತಡೆಯಲಾಗದೆ ಸಿಡಿದು, ಆಮೇಲೆ ಪಶ್ಚಾತ್ತಾಪಪಟ್ಟುಕೊಂಡು ಕೂರುವವರು. ಖಿನ್ನತೆ, ಕುಡಿತ, ನಿದ್ದೆಗೇಡುಗಳೂ ಸಿಟ್ಟಿನ ವೇಷದಲ್ಲಿ ಬರುತ್ತವೆ. ಅಂಥವರು ವೈದ್ಯರನ್ನು ಕಾಣಬೇಕು. ಮೊದಲು ಮಾತಾಡಿ ನೋಡಬೇಕೆಂದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಇದೆ. 2022ರಲ್ಲಿ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಅದರ ಮುಖ್ಯ ಕೇಂದ್ರ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.